ಇಂಗ್ಲಿಷ್ ಬೆನ್ನು ಬಿಡದ ಊರಿನಲ್ಲಿ ಫ್ರೆಂಚ್ ಕಲಿಯುವುದು: ಮಾಂಟ್ರಿಯಲ್‌ಗೆ ಹೊರಟವರಿಗೊಂದು ಮಾರ್ಗದರ್ಶಿ

ಫ್ರೆಂಚ್ ಕಲಿಯಲು ಹೊರದೇಶಕ್ಕೆ ಹೋಗುತ್ತೇನೆ ಅಂದರೆ ಎಲ್ಲರೂ ಮೊದಲು ಪ್ಯಾರಿಸ್ ಎಂದುಕೊಳ್ಳುತ್ತಾರೆ. ಆದರೆ ಬೆಂಗಳೂರಿನ ಫ್ರೆಂಚ್ ತರಗತಿಗಳಲ್ಲಿ ಕೂತಿರುವ ಎಷ್ಟೋ ಜನರ ಕಣ್ಣು ಈಗ ಕೆನಡಾದ ಮೇಲಿದೆ. ಅದಕ್ಕೆ ಕಾರಣವೂ ಇದೆ. ಕೆನಡಾದಲ್ಲಿ ನೆಲೆಸಲು ಹೊರಗಿನವರನ್ನು ಆರಿಸುವ ‘ಎಕ್ಸ್‌ಪ್ರೆಸ್ ಎಂಟ್ರಿ’ ಪದ್ಧತಿಯಲ್ಲಿ 2023ರಿಂದ ಫ್ರೆಂಚ್ ಬಲ್ಲವರಿಗೆಂದೇ ಪ್ರತ್ಯೇಕ ಆಯ್ಕೆ ಸುತ್ತುಗಳು ನಡೆಯುತ್ತಿವೆ. ಹಾಗಾಗಿ ಕೆಲವು ತಿಂಗಳು ಅಲ್ಲೇ ಹೋಗಿ ಕಲಿತರೆ ಹೇಗೆ ಎಂಬ ಯೋಚನೆ ಬರುತ್ತದೆ. ಹಾಗೆ ಯೋಚಿಸಿದವರಿಗೆ ಮೊದಲು ಸಿಗುವ ಹೆಸರು ಮಾಂಟ್ರಿಯಲ್.

ಊರು ಒಳ್ಳೆಯದೇ. ಆದರೆ ಅಲ್ಲಿ ಒಂದು ದೊಡ್ಡ ತೊಡಕಿದೆ. ಅದನ್ನು ಮೊದಲೇ ತಿಳಿದುಕೊಳ್ಳದೆ ಹೋದವರು ಖರ್ಚು ಮಾಡಿ, ಚಳಿ ತಿಂದು, ಹೋದಷ್ಟೇ ಫ್ರೆಂಚ್ ಇಟ್ಟುಕೊಂಡು ವಾಪಸ್ ಬರುತ್ತಾರೆ.

ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಕನ್ನಡ ಬಾರದವರನ್ನು ನಾವೆಲ್ಲ ನೋಡಿದ್ದೇವೆ. ಅವರಲ್ಲಿ ಎಲ್ಲರೂ ಸೋಮಾರಿಗಳಲ್ಲ. ಕೆಲವರು ನಿಜವಾಗಿ ಕಲಿಯಲು ಹೊರಟವರೇ. ಅವರು ತಡವರಿಸಿ ‘ಎಷ್ಟಾಯ್ತು’ ಅಂದರೆ ನಾವು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತೇವೆ. ಅವರಿಗೆ ಸುಲಭವಾಗಲಿ ಎಂದೇ ಹಾಗೆ ಮಾಡುತ್ತೇವೆ. ನಾಲ್ಕು ಸಲ ಹೀಗಾದ ಮೇಲೆ ಅವರು ಕನ್ನಡ ಬಿಟ್ಟುಬಿಡುತ್ತಾರೆ. ಮಾಂಟ್ರಿಯಲ್‌ನಲ್ಲಿ ಆ ಹೊಸಬರ ಜಾಗದಲ್ಲಿ ನೀವಿರುತ್ತೀರಿ. ನಿಮ್ಮ ಬಾಯಲ್ಲಿ ಚೆನ್ನಾಗಿ ಓಡುವ ಇಂಗ್ಲಿಷೇ ನಿಮ್ಮ ಫ್ರೆಂಚಿಗೆ ಅಡ್ಡ ನಿಲ್ಲುತ್ತದೆ. ಶಾಲೆ, ಮನೆ, ಗೆಳೆಯರು, ತರಕಾರಿ ಕೊಳ್ಳುವ ಜಾಗ, ಎಲ್ಲವನ್ನೂ ಇಂಗ್ಲಿಷಿಗೆ ಅವಕಾಶ ಕಡಿಮೆಯಾಗುವ ಹಾಗೆ ಆರಿಸಿಕೊಳ್ಳಬೇಕು. ಅದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಈ ಊರೇ ಬೇಕಾ ಎಂದು ಯೋಚಿಸಿ

ಕಾನೂನಿನ ಪ್ರಕಾರ ಮಾಂಟ್ರಿಯಲ್ ಎರಡು ಭಾಷೆಯ ಊರಲ್ಲ. ನಗರದ ಸನ್ನದಿನಲ್ಲೇ ಇದು ಫ್ರೆಂಚ್ ಭಾಷೆಯ ನಗರ ಎಂದು ಬರೆದಿದೆ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದ ಒಂದೇ ಅಧಿಕೃತ ಭಾಷೆ ಫ್ರೆಂಚ್. 1977ರಲ್ಲಿ ಬಂದ ‘ಬಿಲ್ 101’ ಎಂಬ ಕಾನೂನು ಅಂಗಡಿ ಬೋರ್ಡು, ಶಾಲೆ, ಕೆಲಸದ ಜಾಗ ಎಲ್ಲದರಲ್ಲೂ ಫ್ರೆಂಚನ್ನು ಮುಂದೆ ತಂದಿತು. 2022ರ ‘ಬಿಲ್ 96’ ಅದನ್ನು ಇನ್ನಷ್ಟು ಬಿಗಿ ಮಾಡಿತು.

ಬೀದಿಯ ಮಾತು ಬೇರೆ. 2021ರ ಜನಗಣತಿಯಲ್ಲಿ ಕ್ವಿಬೆಕ್‌ನ ಶೇಕಡಾ 46.4ರಷ್ಟು ಜನ ತಮಗೆ ಇಂಗ್ಲಿಷ್, ಫ್ರೆಂಚ್ ಎರಡೂ ಬರುತ್ತದೆ ಎಂದಿದ್ದಾರೆ. ಇಡೀ ಕೆನಡಾದಲ್ಲಿ ಇದು ಶೇಕಡಾ 18. ಮಾಂಟ್ರಿಯಲ್‌ನ ನಡುಭಾಗದ ಅಂಗಡಿಗೆ ಕಾಲಿಟ್ಟರೆ ‘ಬೊಂಜೂರ್, ಹಾಯ್’ ಎಂದು ಒಂದೇ ಉಸಿರಿನಲ್ಲಿ ಎರಡೂ ಭಾಷೆಯಲ್ಲಿ ಸ್ವಾಗತಿಸುತ್ತಾರೆ. ನೀವು ಯಾವುದರಲ್ಲಿ ಉತ್ತರ ಕೊಡುತ್ತೀರೋ ಆ ಭಾಷೆಯಲ್ಲಿ ವ್ಯವಹಾರ. ಇದು ಎಷ್ಟು ಸೂಕ್ಷ್ಮ ವಿಷಯ ಅಂದರೆ, 2017ರಲ್ಲಿ ಕ್ವಿಬೆಕ್ ಶಾಸನಸಭೆ ಅಂಗಡಿಯವರು ಬರೀ ‘ಬೊಂಜೂರ್’ ಅನ್ನಲಿ ಎಂದು ಒಮ್ಮತದಿಂದ ನಿರ್ಣಯ ಮಾಡಿತು. ಗೋಕಾಕ್ ಚಳವಳಿ ಕಂಡ ನಾಡಿನವರಿಗೆ ಇದು ಬಿಡಿಸಿ ಹೇಳಬೇಕಾದ ಭಾವನೆಯಲ್ಲ.

ಇಂಗ್ಲಿಷಿನ ಸಹವಾಸವೇ ಬೇಡ ಅನ್ನುವವರಿಗೆ ಕ್ವಿಬೆಕ್‌ನಲ್ಲೇ ಬೇರೆ ಊರುಗಳಿವೆ. ಶಿಕುತಿಮಿಯ ವಿಶ್ವವಿದ್ಯಾಲಯ, ತ್ರುವಾ-ರಿವಿಯೇರ್‌ನ ವಿಶ್ವವಿದ್ಯಾಲಯ, ಕ್ವಿಬೆಕ್ ಸಿಟಿಯ ಲಾವಾಲ್ ವಿಶ್ವವಿದ್ಯಾಲಯ ಮೂರರಲ್ಲೂ ಹೊರಗಿನವರಿಗೆ ಫ್ರೆಂಚ್ ಕಲಿಸುತ್ತಾರೆ. ಅಲ್ಲಿ ಬೀದಿಗಿಳಿದರೆ ಫ್ರೆಂಚ್ ಬಿಟ್ಟು ಬೇರೆ ದಾರಿ ಕಡಿಮೆ. ನಾಚಿಕೆ ಸ್ವಭಾವದವರಾಗಿದ್ದು, ಯಾರಾದರೂ ಇಂಗ್ಲಿಷಿಗೆ ತಿರುಗಿದರೆ ‘ಬೇಡ, ಫ್ರೆಂಚಲ್ಲೇ ಮಾತಾಡಿ’ ಅನ್ನಲು ನಿಮ್ಮಿಂದ ಆಗಲ್ಲ ಅನ್ನಿಸಿದರೆ, ಆ ಊರುಗಳೇ ವಾಸಿ. ಮಾಂಟ್ರಿಯಲ್‌ನ ಲಾಭ ಬೇರೆ ರೀತಿಯದು. ಮೆಟ್ರೊ ಇದೆ, ಅಕ್ಕಿ ಬೇಳೆ ಸಿಗುತ್ತದೆ, ಆಸ್ಪತ್ರೆಯಲ್ಲಿ ಕಷ್ಟದ ಸಂದರ್ಭ ಬಂದರೆ ಇಂಗ್ಲಿಷಿನಲ್ಲೂ ಹೇಳಿಕೊಳ್ಳಬಹುದು. ಜೊತೆಗೆ ಜಗತ್ತಿನ ನಾನಾ ಕಡೆಯ ಫ್ರೆಂಚ್ ಒಂದೇ ಊರಲ್ಲಿ ಕಿವಿಗೆ ಬೀಳುತ್ತದೆ. ಒಂಟಿಯಾಗಿ ಮೊದಲ ಸಲ ಹೊರದೇಶಕ್ಕೆ ಹೋಗುವವರಿಗೆ ಇವೆಲ್ಲ ಸಣ್ಣ ವಿಷಯವಲ್ಲ.

ಹಂತ 2: ಸೊನ್ನೆಯಿಂದ ಹೋಗಬೇಡಿ

ಫ್ರೆಂಚ್ ಮಟ್ಟಗಳನ್ನು ಕೆಳಗಿನಿಂದ ಮೇಲಕ್ಕೆ ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಅಳೆಯುತ್ತಾರೆ. ಬಿ2 ಮುಟ್ಟಲು ಒಟ್ಟು 500ರಿಂದ 600 ಗಂಟೆಯ ತರಗತಿ ಬೇಕು ಎಂಬುದು ಸಾಮಾನ್ಯ ಅಂದಾಜು. ವಾರಕ್ಕೆ 20 ಗಂಟೆಯ ಕೋರ್ಸ್ ಅಂದರೆ ಹತ್ತು ವಾರದಲ್ಲಿ 200 ಗಂಟೆ. ಅಂದರೆ ಮೂರು ತಿಂಗಳಲ್ಲಿ ಸೊನ್ನೆಯಿಂದ ಬಿ2 ಆಗುವುದಿಲ್ಲ. ಯಾರಾದರೂ ಏಜೆಂಟ್ ಆಗುತ್ತದೆ ಅಂದರೆ ನಂಬಬೇಡಿ.

ಎ1, ಎ2 ಎರಡನ್ನೂ ಊರಲ್ಲೇ ಮುಗಿಸಿ. ಕ್ರಿಯಾಪದದ ರೂಪ, ಅಂಕಿ, ದಿನ, ತಿಂಗಳು, ಇದನ್ನೆಲ್ಲ ಡಾಲರ್ ಕೊಟ್ಟು ಕಲಿಯುವ ಅಗತ್ಯವಿಲ್ಲ. ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಇದೆ. ಬೇರೆ ಜಿಲ್ಲೆಯವರಿಗೆ ಆನ್‌ಲೈನ್ ತರಗತಿಗಳಿವೆ. ಟಿವಿ5 ಮೋಂದ್‌ನ ಕಲಿಕೆಯ ಜಾಲತಾಣದಲ್ಲಿ ಮಟ್ಟಕ್ಕೆ ತಕ್ಕ ಹಾಗೆ ವಿಡಿಯೊ ಮತ್ತು ಅಭ್ಯಾಸಗಳು ಉಚಿತವಾಗಿ ಸಿಗುತ್ತವೆ. ಎ2 ಇಟ್ಟುಕೊಂಡು ಹೋದವರು ಮೊದಲ ದಿನವೇ ಅಂಗಡಿಯಲ್ಲಿ ಬಾಯಿ ಬಿಡಬಹುದು. ಸೊನ್ನೆಯಿಂದ ಹೋದವರಿಗೆ ಮೊದಲ ತಿಂಗಳು ಇಂಗ್ಲಿಷೇ ಗತಿ. ಆ ತಿಂಗಳಲ್ಲಿ ಬಿದ್ದ ರೂಢಿ ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ.

ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡು ತೊಂಬತ್ತರ ಮೇಲೆ ಅಂಕ ತಗೊಂಡವರು ಬಹಳ ಜನ ಇದ್ದೀರಿ. ನಿಮಗೆ ಒಂದು ಮಾತು. ಓದಿ ಬರೆಯುವುದರಲ್ಲಿ ನೀವು ಮುಂದಿರುತ್ತೀರಿ, ಕೇಳಿ ಮಾತಾಡುವುದರಲ್ಲಿ ಹಿಂದಿರುತ್ತೀರಿ. ಶಾಲೆಯವರು ಮಟ್ಟ ನೋಡುವ ಪರೀಕ್ಷೆ ಮಾಡುವಾಗ ಬರಹದ ಅಂಕದ ಮೇಲೆ ಮೇಲಿನ ತರಗತಿಗೆ ಹಾಕಿದರೆ, ಮಾತಿನ ಮಟ್ಟವನ್ನೂ ನೋಡಿ ಎಂದು ಕೇಳಿಕೊಳ್ಳಿ.

ಉಚ್ಚಾರಣೆಯಲ್ಲಿ ನಮಗೆ ಒಂದು ಅನುಕೂಲ ಇದೆ. ಫ್ರೆಂಚಿನ ‘ತ’, ‘ದ’ ನಮ್ಮ ತ, ದಗಳ ಹಾಗೆ ಹಲ್ಲಿಗೆ ತಾಗುತ್ತವೆ. ಇಂಗ್ಲಿಷಿನ ಅಭ್ಯಾಸದಿಂದ ನಾವು ಅದನ್ನು ಟ, ಡ ಮಾಡಿಬಿಡುತ್ತೇವೆ. ‘ಟೇಬಲ್’ ಮರೆತು ‘ತಾಬ್ಲ್’ ಅನ್ನಿ, ಅರ್ಧ ಕೆಲಸ ಮುಗಿಯಿತು. ನಮಗೆ ಹೊಸದಾದವುಗಳಲ್ಲಿ ಮುಖ್ಯವಾದವು ಎರಡು. ಒಂದು, ಬಾಯೊಳಗೆ ‘ಈ’ ಎನ್ನುತ್ತಾ ತುಟಿಯನ್ನು ಮಾತ್ರ ‘ಊ’ ಹಾಗೆ ದುಂಡಗೆ ಮಾಡಿದರೆ ಬರುವ ಸ್ವರ. ಇನ್ನೊಂದು, ಮೂಗಿನಲ್ಲಿ ಹೊರಡುವ ಸ್ವರಗಳು. ಅವುಗಳ ಕೊನೆಗೆ ನಾವು ಒಂದು ನ್ ಅಥವಾ ಮ್ ಸೇರಿಸಿಬಿಡುತ್ತೇವೆ. ಅದು ಬೇಡ. ಇನ್ನು ಮೇಜಿಗೂ ಕುರ್ಚಿಗೂ ಗಂಡು ಹೆಣ್ಣು ಲಿಂಗ ಇರುವುದು ಕನ್ನಡದವರಿಗೆ ತಲೆನೋವು. ಪದ ಕಲಿಯುವಾಗಲೇ ಅದಕ್ಕಿಂತ ಮೊದಲು ಬರುವ ‘ಲ’ (ಗಂಡು) ಅಥವಾ ‘ಲಾ’ (ಹೆಣ್ಣು) ಸೇರಿಸಿ ಬಾಯಿಪಾಠ ಮಾಡಿ. ಆಮೇಲೆ ಸೇರಿಸುತ್ತೇನೆ ಅಂದರೆ ಆಗುವುದಿಲ್ಲ.

ಹಂತ 3: ಶಾಲೆ ಆರಿಸುವಾಗ ಕಾರಿಡಾರ್ ನೋಡಿ

ಮಾಂಟ್ರಿಯಲ್‌ನಲ್ಲಿ ನಾಲ್ಕು ದೊಡ್ಡ ವಿಶ್ವವಿದ್ಯಾಲಯಗಳಿವೆ. ಮೆಕ್‌ಗಿಲ್ ಮತ್ತು ಕಾಂಕಾರ್ಡಿಯ ಇಂಗ್ಲಿಷಿನವು. ಯೂನಿವರ್ಸಿತೆ ದ ಮೋಂರೆಯಾಲ್ ಮತ್ತು ಯುಕಾಮ್ ಫ್ರೆಂಚಿನವು. ನಾಲ್ಕರಲ್ಲೂ ಫ್ರೆಂಚ್ ಕೋರ್ಸುಗಳಿವೆ. ಇವಲ್ಲದೆ ಖಾಸಗಿ ಭಾಷಾ ಶಾಲೆಗಳು ಬೇಕಾದಷ್ಟಿವೆ.

ಮೆಕ್‌ಗಿಲ್ ಹೆಸರು ನಮ್ಮ ಕಡೆ ಜಾಸ್ತಿ ಕೇಳಿರುತ್ತೇವೆ, ಹಾಗಾಗಿ ಅತ್ತ ಮನಸ್ಸು ಎಳೆಯುತ್ತದೆ. ಅಲ್ಲಿ ಕಲಿಸುವುದು ಚೆನ್ನಾಗಿಯೇ ಇರಬಹುದು. ಆದರೆ ತರಗತಿ ಮುಗಿದು ಬಾಗಿಲಾಚೆ ಬಂದ ಕೂಡಲೇ ಕ್ಯಾಂಟೀನು, ಲೈಬ್ರರಿ ಎಲ್ಲೆಡೆ ಹೆಚ್ಚಾಗಿ ಕೇಳುವುದು ಇಂಗ್ಲಿಷ್. ಯುಕಾಮ್‌ನಲ್ಲಿ ಕಾಫಿಗೆ ಸಾಲಿನಲ್ಲಿ ನಿಂತರೂ ಮುಂದಿನವರ ಜಗಳ ಫ್ರೆಂಚಿನಲ್ಲೇ ಇರುತ್ತದೆ. ನನ್ನನ್ನು ಕೇಳಿದರೆ ಫ್ರೆಂಚ್ ವಿಶ್ವವಿದ್ಯಾಲಯದ ಭಾಷಾ ವಿಭಾಗಕ್ಕೆ ಮೊದಲ ಆದ್ಯತೆ.

ಖಾಸಗಿ ಶಾಲೆಯಾದರೆ ಎರಡು ಪ್ರಶ್ನೆ ಕೇಳಿ. ಒಂದು, ನಿಮ್ಮಲ್ಲಿ ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗಳೂ ಇದ್ದಾರಾ? ಎರಡನ್ನೂ ಒಂದೇ ಕಟ್ಟಡದಲ್ಲಿ ಕಲಿಸುವ ಶಾಲೆಯಲ್ಲಿ ಬಿಡುವಿನ ಹೊತ್ತಿನ ಭಾಷೆ ಇಂಗ್ಲಿಷೇ ಆಗುತ್ತದೆ. ಎರಡು, ಒಂದು ತರಗತಿಯಲ್ಲಿ ಎಷ್ಟು ಜನ? ಹನ್ನೆರಡು, ಹದಿನೈದು ಜನ ದಾಟಿದರೆ ನಿಮಗೆ ಮಾತಾಡುವ ಸರದಿ ಬರುವುದೇ ಅಪರೂಪ.

ಯಾವ ಕಾಲ ಒಳ್ಳೆಯದು? ವಿಶ್ವವಿದ್ಯಾಲಯಗಳ ಅವಧಿ ಸೆಪ್ಟೆಂಬರ್, ಜನವರಿ ಮತ್ತು ಮೇ ತಿಂಗಳಲ್ಲಿ ಶುರುವಾಗುತ್ತದೆ. ಕಡಿಮೆ ಕಾಲಕ್ಕೆ ಹೋಗುವವರು ಮೇ ಹಿಡಿಯಿರಿ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವ ದಿನಗಳಿರುತ್ತವೆ. ಬೀದಿಯಲ್ಲಿ ನಿಂತು ಯಾರೂ ಮಾತಾಡುವುದಿಲ್ಲ. ಬೇಸಿಗೆಯಲ್ಲಿ ಇಡೀ ಊರು ಹೊರಗಿರುತ್ತದೆ. ಜೂನ್‌ನಲ್ಲಿ ಫ್ರೆಂಚ್ ಹಾಡುಗಾರರ ಫ್ರಾಂಕೊ ಉತ್ಸವ, ಜೂನ್ 24ಕ್ಕೆ ಕ್ವಿಬೆಕ್‌ನ ನಾಡಹಬ್ಬ ಸೇಂಟ್-ಜಾನ್. ಉದ್ಯಾನಗಳಲ್ಲಿ ಜನ ಅಪರಿಚಿತರ ಜೊತೆಗೂ ಮಾತಿಗೆ ಸಿಗುತ್ತಾರೆ.

ಹಂತ 4: ಕಾಗದಪತ್ರ

ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಕೋರ್ಸ್ ಆದರೆ ಸ್ಟಡಿ ಪರ್ಮಿಟ್ ಬೇಕಿಲ್ಲ. ಭಾರತೀಯರಿಗೆ ವಿಸಿಟರ್ ವೀಸಾ ಮಾತ್ರ ಬೇಕು. ಅರ್ಜಿಯಲ್ಲಿ ಕೋರ್ಸಿನ ವಿಷಯ ಮುಚ್ಚಿಡಬೇಡಿ. ಶಾಲೆಯ ಪ್ರವೇಶ ಪತ್ರ, ಶುಲ್ಕ ಕಟ್ಟಿದ ರಸೀದಿ, ವಾಪಸ್ ಬರಲು ನಿಮಗಿರುವ ಕಾರಣ (ಕೆಲಸ, ಓದು, ಮನೆ) ಎಲ್ಲ ಸೇರಿಸಿ.

ಆರು ತಿಂಗಳು ಮೀರಿದರೆ ಎರಡು ಮೆಟ್ಟಿಲು. ಮೊದಲು ಕ್ವಿಬೆಕ್ ಸರ್ಕಾರದಿಂದ ಸಿ.ಎ.ಕ್ಯು. ಎಂಬ ಒಪ್ಪಿಗೆ ಪತ್ರ. ಅದು ಕೈಗೆ ಬಂದ ಮೇಲೆ ಕೆನಡಾದ ಕೇಂದ್ರ ಸರ್ಕಾರಕ್ಕೆ ಸ್ಟಡಿ ಪರ್ಮಿಟ್ ಅರ್ಜಿ. ಕೆನಡಾದ ಬೇರೆ ಪ್ರಾಂತ್ಯಕ್ಕೆ ಹೋದ ನೆಂಟರು ಹೇಳುವ ವಿಧಾನ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಬ್ಯಾಂಕಿನಲ್ಲಿ ಎಷ್ಟು ಹಣ ತೋರಿಸಬೇಕು ಎಂಬ ಮೊತ್ತವನ್ನೂ ಕ್ವಿಬೆಕ್ ತನ್ನದೇ ಆಗಿ ನಿಗದಿ ಮಾಡುತ್ತದೆ. ಅದು ಬದಲಾಗುತ್ತಾ ಇರುತ್ತದೆ, ಅರ್ಜಿ ಹಾಕುವ ವಾರ ಸರ್ಕಾರದ ಜಾಲತಾಣದಲ್ಲೇ ನೋಡಿ. ಬೆರಳಚ್ಚು ಮತ್ತು ಫೋಟೊ ಬೆಂಗಳೂರಿನ ವೀಸಾ ಕೇಂದ್ರದಲ್ಲೇ ಕೊಡಬಹುದು. ಒಮ್ಮೆ ಕೊಟ್ಟರೆ ಹತ್ತು ವರ್ಷ ನಡೆಯುತ್ತದೆ. ಭಾರತದ ವಿದ್ಯಾರ್ಥಿಗಳಿಗೆ ಕ್ವಿಬೆಕ್‌ನ ಸರ್ಕಾರಿ ಆರೋಗ್ಯ ವಿಮೆ ಸಿಗುವುದಿಲ್ಲ. ಖಾಸಗಿ ವಿಮೆ ಮಾಡಿಸಲೇಬೇಕು.

ಹಣದ ಲೆಕ್ಕ ಹಾಕುವಾಗ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಬರೀ ಭಾಷೆ ಕಲಿಯುವ ಕೋರ್ಸಿಗೆ ಸೇರಿದವರು ಕ್ಯಾಂಪಸ್ ಹೊರಗೆ ಕೆಲಸ ಮಾಡುವಂತಿಲ್ಲ. ವಿಸಿಟರ್ ವೀಸಾದವರು ಕೆಲಸ ಮಾಡುವಂತಿಲ್ಲ ಎಂದು ಬೇರೆ ಹೇಳಬೇಕಿಲ್ಲ ಅಲ್ವಾ. ಕೋರ್ಸ್ ಮುಗಿದ ಮೇಲೆ ಸಿಗುವ ವರ್ಕ್ ಪರ್ಮಿಟ್ ಕೂಡ ಭಾಷಾ ಕೋರ್ಸಿಗೆ ಸಿಗುವುದಿಲ್ಲ. ‘ಫ್ರೆಂಚ್ ಕೋರ್ಸಿಗೆ ಸೇರಿ, ಪಾರ್ಟ್ ಟೈಮ್ ಮಾಡಿ, ಆಮೇಲೆ ಅಲ್ಲೇ ನಿಂತುಬಿಡಿ’ ಎಂದು ಮಾರುವವರಿದ್ದಾರೆ. ಸಾಲ ಮಾಡಿ ಅವರ ಮಾತಿಗೆ ಬಿದ್ದ ಕುಟುಂಬಗಳ ಪಾಡು ನೋಡಿದರೆ ಹೊಟ್ಟೆ ಉರಿಯುತ್ತದೆ. ಪೂರ್ತಿ ಖರ್ಚು ಕೈಯಲ್ಲಿದ್ದರೆ ಮಾತ್ರ ಹೊರಡಿ.

ಹಂತ 5: ಮನೆ ಯಾವ ಕಡೆ ಹಿಡಿಯಬೇಕು

ಮಾಂಟ್ರಿಯಲ್‌ನ ನಡುವೆ ಸೇಂಟ್-ಲಾರೆಂಟ್ ಎಂಬ ಉದ್ದನೆಯ ರಸ್ತೆ ಇದೆ. ಮೊದಲಿನಿಂದಲೂ ಅದರ ಪೂರ್ವಕ್ಕೆ ಫ್ರೆಂಚ್, ಪಶ್ಚಿಮಕ್ಕೆ ಇಂಗ್ಲಿಷ್. ಈಗ ಗೆರೆ ಅಷ್ಟು ಸ್ಪಷ್ಟವಾಗಿಲ್ಲ, ಆದರೂ ಮನೆ ಹುಡುಕುವವರಿಗೆ ಒಳ್ಳೆಯ ದಿಕ್ಸೂಚಿ. ರೋಸ್‌ಮೋಂ, ವಿಲ್ರೇ, ಓಶೆಲಾಗಾ, ಇವು ಫ್ರೆಂಚ್ ಬಡಾವಣೆಗಳು. ವೆಸ್ಟ್‌ಮೌಂಟ್, ಎನ್.ಡಿ.ಜಿ. (ನೋತ್ರ್-ದಾಮ್-ದ-ಗ್ರಾಸ್), ಕಾಂಕಾರ್ಡಿಯ ಸುತ್ತಮುತ್ತ, ಇವು ಇಂಗ್ಲಿಷ್ ಕಡೆ.

ಪಾರ್ಕ್-ಎಕ್ಸ್‌ಟೆನ್ಶನ್ ಬಗ್ಗೆ ಬೇರೆಯಾಗಿ ಹೇಳಬೇಕು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾದಿಂದ ಬಂದವರು ತುಂಬ ಇರುವ ಬಡಾವಣೆ ಅದು. ಸೋನಾ ಮಸೂರಿ, ತೊಗರಿಬೇಳೆ, ಕರಿಬೇವು ಸಿಗುತ್ತದೆ. ಬಾಡಿಗೆಯೂ ಕೆಲವು ಕಡೆಗಿಂತ ಕಡಿಮೆ. ಪರಿಚಯದವರು ಅಲ್ಲೇ ರೂಮ್ ಕೊಡಿಸುತ್ತೇವೆ ಅನ್ನುತ್ತಾರೆ. ಅಲ್ಲಿ ಇಂಗ್ಲಿಷ್, ಹಿಂದಿ, ಪಂಜಾಬಿ, ತಮಿಳಿನಲ್ಲೇ ದಿನ ಕಳೆದುಹೋಗುತ್ತದೆ. ಕೆಲಸಕ್ಕೆ ಹೋದವರಿಗೆ ಅದು ಆಸರೆ. ಭಾಷೆ ಕಲಿಯಲು ಹೋದವರಿಗೆ ವಾರಕ್ಕೊಮ್ಮೆ ದಿನಸಿ ತರಲು ಸಾಕು. ನೀಲಿ ಮಾರ್ಗದ ಮೆಟ್ರೊದಲ್ಲಿ ಪಾರ್ಕ್ ಅಥವಾ ಅಕಾಡಿ ನಿಲ್ದಾಣದಲ್ಲಿ ಇಳಿದರಾಯಿತು.

ಮೂರು ತಿಂಗಳ ಮಟ್ಟಿಗಾದರೆ ಶಾಲೆಯವರು ಗೊತ್ತು ಮಾಡುವ ಫ್ರೆಂಚ್ ಕುಟುಂಬದ ಮನೆಯೇ ಒಳ್ಳೆಯದು. ‘ಮನೆಯಲ್ಲಿ ಊಟದ ಹೊತ್ತಿಗೆ ಯಾವ ಭಾಷೆ ಮಾತಾಡುತ್ತಾರೆ’ ಎಂದು ಬರವಣಿಗೆಯಲ್ಲಿ ಕೇಳಿ. ಆ ಮನೆಯಲ್ಲಿ ಇಂಗ್ಲಿಷ್ ಕಲಿಯುವ ಇನ್ನೊಬ್ಬ ವಿದ್ಯಾರ್ಥಿ ಇದ್ದಾರಾ ಎಂದೂ ಕೇಳಿ. ಇನ್ನೂ ಜಾಸ್ತಿ ದಿನಕ್ಕಾದರೆ ಫ್ರೆಂಚ್ ಮಾತಾಡುವವರ ಜೊತೆ ಮನೆ ಹಂಚಿಕೊಳ್ಳಿ.

ಬಾಡಿಗೆಯ ಜಾಹೀರಾತಿನಲ್ಲಿ ಮೂರೂವರೆ, ನಾಲ್ಕೂವರೆ ಎಂದು ಬರೆದಿರುತ್ತದೆ. ಅದು ಕೋಣೆಗಳ ಲೆಕ್ಕ. ಅರ್ಧ ಅಂದರೆ ಬಾತ್‌ರೂಮ್. ಮೂರೂವರೆ ಅಂದರೆ ಒಂದು ಬೆಡ್‌ರೂಮಿನ ಮನೆ. ಅಲ್ಲಿನ ಬಹುಪಾಲು ಕರಾರುಗಳು ಜುಲೈ 1ಕ್ಕೆ ಶುರುವಾಗುತ್ತವೆ. ಆ ದಿನ ಊರಿನ ಅರ್ಧ ಜನ ಸಾಮಾನು ಸಾಗಿಸುತ್ತಿರುತ್ತಾರೆ. ಇನ್ನೊಂದು ಮುಖ್ಯ ವಿಷಯ. ಕ್ವಿಬೆಕ್‌ನಲ್ಲಿ ಮನೆ ಮಾಲೀಕರು ಅಡ್ವಾನ್ಸ್ ಕೇಳುವಂತಿಲ್ಲ. ಮೊದಲ ತಿಂಗಳ ಬಾಡಿಗೆ ಮಾತ್ರ ಮುಂಗಡ ಕೇಳಬಹುದು. ಹತ್ತು ತಿಂಗಳ ಅಡ್ವಾನ್ಸಿಗೆ ಒಗ್ಗಿದ ಬೆಂಗಳೂರಿನವರು ಕೇಳಿದಷ್ಟು ಕೊಟ್ಟುಬಿಡುತ್ತಾರೆ, ಕೊಡಬೇಡಿ. ಮನೆ ನೋಡದೆ ಇಲ್ಲಿಂದಲೇ ಹಣ ಕಳಿಸುವುದಂತೂ ಬೇಡವೇ ಬೇಡ.

ಹಂತ 6: ಇಂಗ್ಲಿಷಿಗೆ ತಿರುಗಿದವರನ್ನು ವಾಪಸ್ ಕರೆತರುವುದು

ಮೊದಲ ವಾರವೇ ಇದನ್ನು ಅಭ್ಯಾಸ ಮಾಡಿಕೊಳ್ಳಿ. ನೀವು ಫ್ರೆಂಚಿನಲ್ಲಿ ಏನೋ ಕೇಳುತ್ತೀರಿ. ಅವರು ನಿಮ್ಮ ಉಚ್ಚಾರಣೆ ಗುರುತಿಸಿ ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಅವರು ನಿಮ್ಮನ್ನು ಹೀಯಾಳಿಸುತ್ತಿಲ್ಲ. ಸಾಲು ಬೇಗ ಮುಂದೆ ಹೋಗಲಿ ಅಂತಲೋ, ನಿಮಗೆ ಸಹಾಯವಾಗಲಿ ಅಂತಲೋ ಹಾಗೆ ಮಾಡುತ್ತಾರೆ.

ನೀವು ಇಂಗ್ಲಿಷಿನಲ್ಲಿ ‘ಸಾರಿ’ ಕೂಡ ಅನ್ನಬೇಡಿ. ಫ್ರೆಂಚಿನಲ್ಲೇ ಮುಂದುವರಿಸಿ. ಹೆಚ್ಚಿನ ಸಲ ಅವರೂ ವಾಪಸ್ ಬರುತ್ತಾರೆ. ಬರದಿದ್ದರೆ ನಗುನಗುತ್ತಾ ಹೀಗೆ ಹೇಳಿ: ‘ಎಸ್ ಕೋಂ ಪ ರೆಸ್ತೇ ಆಂ ಫ್ರಾಂಸೆ? ಜಾಪ್ರಾಂ.’ ಫ್ರೆಂಚಲ್ಲೇ ಮಾತಾಡೋಣವಾ, ನಾನು ಕಲಿಯುತ್ತಿದ್ದೇನೆ ಎಂದರ್ಥ. ಈ ವಾಕ್ಯವನ್ನು ನಿದ್ದೆಯಲ್ಲೂ ಬರುವ ಹಾಗೆ ಬಾಯಿಪಾಠ ಮಾಡಿ. ಇದನ್ನು ಕೇಳಿದ ಕ್ವಿಬೆಕ್‌ನವರ ಮುಖ ಅರಳುತ್ತದೆ. 1960ರ ದಶಕದವರೆಗೂ ತಮ್ಮದೇ ಊರಿನಲ್ಲಿ ಒಳ್ಳೆಯ ಕೆಲಸಕ್ಕೆ ಇಂಗ್ಲಿಷ್ ಬೇಕಾಗಿದ್ದ ಜನ ಅವರು. ಎಲ್ಲಿಂದಲೋ ಬಂದವರು ತಮ್ಮ ಭಾಷೆಗೆ ಪಟ್ಟು ಹಿಡಿದರೆ ಅವರಿಗೆ ಅದು ಬರೀ ವ್ಯವಹಾರವಾಗಿ ಉಳಿಯುವುದಿಲ್ಲ.

ವೇಗ ಜಾಸ್ತಿಯಾದರೆ ‘ಪ್ಲ್ಯು ಲಾಂತ್‌ಮಾಂ, ಸಿಲ್ ವು ಪ್ಲೆ’ ಅನ್ನಿ, ಸ್ವಲ್ಪ ನಿಧಾನ ಎಂದು. ಇದು ತಪ್ಪಲ್ಲ, ಅವಮಾನವೂ ಅಲ್ಲ. ಅಂಗಡಿಯಲ್ಲಿ ಹಿಂದೆ ಉದ್ದ ಸಾಲು ಇರುವಾಗ ಮಾತ್ರ ಈ ಹಟ ಬೇಡ. ಮಧ್ಯಾಹ್ನ ಎರಡು ಮೂರು ಗಂಟೆಗೆ ಹೋದರೆ ಅಂಗಡಿಯವರಿಗೂ ಬಿಡುವು, ನಿಮಗೂ ಧೈರ್ಯ. ಆರೋಗ್ಯ, ಪೊಲೀಸು, ಬಾಡಿಗೆ ಕರಾರು, ಇಲ್ಲೆಲ್ಲ ಅರ್ಥವಾಗುವುದು ಮುಖ್ಯ. ಅಲ್ಲಿ ಇಂಗ್ಲಿಷ್ ಬಳಸಿ.

ಹಂತ 7: ಕಿವಿಯನ್ನು ಕ್ವಿಬೆಕ್‌ಗೆ ಒಗ್ಗಿಸಿ

ಬೆಂಗಳೂರಿನಲ್ಲಿ ಚೆನ್ನಾಗಿ ಕಲಿತು ಹೋದವರಿಗೂ ವಿಮಾನ ನಿಲ್ದಾಣದಿಂದ ಹೊರಬಂದ ಕೂಡಲೇ ಗಾಬರಿ. ಇದು ಫ್ರೆಂಚೇನಾ ಅನ್ನಿಸುತ್ತದೆ. ಫ್ರೆಂಚೇ. ಕೆಲವು ಗುಟ್ಟು ತಿಳಿದರೆ ಬೇಗ ಹಿಡಿತಕ್ಕೆ ಬರುತ್ತದೆ.

‘ತು’ ಎಂಬುದು ಅವರ ಬಾಯಲ್ಲಿ ‘ತ್ಸು’ ಆಗುತ್ತದೆ. ‘ದಿಮಾಂಶ್’ (ಭಾನುವಾರ) ‘ದ್ಜಿಮಾಂಶ್’ ಆಗುತ್ತದೆ. ಪ್ರಶ್ನೆ ಕೇಳುವಾಗ ಕ್ರಿಯಾಪದದ ನಂತರ ಒಂದು ‘ತು’ ಅಂಟಿಸುತ್ತಾರೆ. ‘ಸೆ ತ್ಸು ಲ್ವಾಂ?’ ಅಂದರೆ ‘ಅದು ದೂರಾನಾ?’ ಎಂದಷ್ಟೇ, ‘ನೀನು’ ಅಲ್ಲ. ಮಾತಿನ ನಡುವೆ ‘ಪಿ’ ಬಂದರೆ ‘ಆಮೇಲೆ, ಮತ್ತೆ’. ‘ಫಾಕ್’ ಬಂದರೆ ‘ಹಾಗಾಗಿ’. ನೀವು ‘ಮೆರ್ಸಿ’ ಅಂದರೆ ‘ಬ್ಯಾಂವ್ನ್ಯು’ ಎಂಬ ಉತ್ತರ ಬರುತ್ತದೆ, ‘ಪರವಾಗಿಲ್ಲ’ ಎಂಬ ಅರ್ಥದಲ್ಲಿ.

ಊಟಕ್ಕೆ ಕರೆದಾಗ ಎಚ್ಚರ. ಫ್ರಾನ್ಸ್‌ನಲ್ಲಿ ‘ದಿನೇ’ ರಾತ್ರಿಯ ಊಟ. ಕ್ವಿಬೆಕ್‌ನಲ್ಲಿ ಅದು ಮಧ್ಯಾಹ್ನದ್ದು. ರಾತ್ರಿಯದು ‘ಸುಪೇ’, ಬೆಳಗಿನ ತಿಂಡಿ ‘ದೇಜನೇ’. ಗಂಟೆ ಎಷ್ಟು ಎಂದು ಕೇಳಿಕೊಂಡುಬಿಡಿ. ಸಣ್ಣ ಮೂಲೆ ಅಂಗಡಿ ‘ದೇಪಾನರ್’. ವಾರಾಂತ್ಯಕ್ಕೆ, ಇಮೇಲ್‌ಗೆ ಫ್ರಾನ್ಸ್‌ನವರು ಇಂಗ್ಲಿಷ್ ಪದ ಬಳಸಿದರೆ ಇಲ್ಲಿನವರು ‘ಫ್ಯಾಂ ದ ಸ್ಮೆನ್’, ‘ಕುರಿಯೆಲ್’ ಅನ್ನುತ್ತಾರೆ. ಫ್ರಾನ್ಸ್‌ನಲ್ಲೂ ‘ಸ್ಟಾಪ್’ ಎಂದಿರುವ ರಸ್ತೆಯ ಕೆಂಪು ಫಲಕ ಇಲ್ಲಿ ‘ಆರೆ’.

ನಮ್ಮ ನೀನು, ನೀವು ಹಾಗೆ ಫ್ರೆಂಚಿನಲ್ಲೂ ‘ತು’, ‘ವು’ ಇವೆ. ಆದರೆ ಕ್ವಿಬೆಕ್‌ನವರು ಬೇಗ ‘ತು’ಗೆ ಇಳಿಯುತ್ತಾರೆ. ಸಹಪಾಠಿಗಳ ಜೊತೆ ಮೊದಲ ದಿನವೇ ‘ತು’. ನಾವು ಹಿರಿಯರಿಗೆ ಬಹುವಚನ ಬಿಡದವರು, ಬಾಯಿಗೆ ಹಿಂಜರಿಕೆ ಆಗುತ್ತದೆ. ಅಪರಿಚಿತರಿಗೆ, ವಯಸ್ಸಾದವರಿಗೆ ‘ವು’ ಇಟ್ಟುಕೊಳ್ಳಿ. ‘ತು’ ಎಂದೇ ಕರೆಯಿರಿ ಎಂದು ಅವರೇ ಹೇಳಿದರೆ ಬದಲಿಸಿ.

ಹೊರಡುವ ಎರಡು ತಿಂಗಳ ಮುಂಚಿನಿಂದಲೇ ರೇಡಿಯೊ-ಕೆನಡಾದ ಒಡಿಯೊ ಆ್ಯಪ್ ಹಾಕಿಕೊಂಡು ಮಾತಿನ ಕಾರ್ಯಕ್ರಮ ಕೇಳಿ. ಸುದ್ದಿ ಬೇಡ. ಸುದ್ದಿ ಓದುವವರ ಫ್ರೆಂಚ್ ನೀಟಾಗಿರುತ್ತದೆ. ಹರಟೆ ಕೇಳಿ. ಕಿವಿ ಪಳಗುವುದು ಅಲ್ಲಿ.

ಹಂತ 8: ಬಿಡುವಿನ ಹೊತ್ತು ಯಾರ ಜೊತೆ?

ಇದನ್ನು ಯಾವ ಶಾಲೆಯೂ ಹೇಳಿಕೊಡುವುದಿಲ್ಲ. ತರಗತಿಯಲ್ಲಿ ನಿಮ್ಮ ಪಕ್ಕ ಟೊರೊಂಟೊದವರು ಕೂತರೆ ಬಿಡುವಿನಲ್ಲಿ ಇಂಗ್ಲಿಷ್ ಶುರುವಾಗುತ್ತದೆ. ದೆಹಲಿಯವರು ಕೂತರೆ ಹಿಂದಿ. ಕೊಲಂಬಿಯಾ, ಬ್ರೆಜಿಲ್, ವಿಯೆಟ್ನಾಂ ಕಡೆಯವರು, ಇಂಗ್ಲಿಷ್ ಅಷ್ಟಾಗಿ ಬಾರದವರು ಇದ್ದರೆ ಅವರ ಪಕ್ಕ ಹೋಗಿ ಕೂತುಕೊಳ್ಳಿ. ನಿಮ್ಮಿಬ್ಬರ ನಡುವೆ ಫ್ರೆಂಚ್ ಬಿಟ್ಟರೆ ಬೇರೆ ಭಾಷೆಯೇ ಇರಬಾರದು. ಇಬ್ಬರದೂ ಹರಕು ಮುರುಕು ಆಗಿರುವುದರಿಂದ ನಾಚಿಕೆಯೂ ಇರುವುದಿಲ್ಲ. ಒಟ್ಟಿಗೆ ಅಡುಗೆ ಮಾಡಿ. ಈರುಳ್ಳಿ ಹೆಚ್ಚು, ಉಪ್ಪು ಜಾಸ್ತಿಯಾಯ್ತು, ಉರಿ ಕಡಿಮೆ ಮಾಡು, ಇಂಥ ಮಾತು ಪಠ್ಯಪುಸ್ತಕದಲ್ಲಿ ಬರುವುದಿಲ್ಲ.

ಊರಲ್ಲಿ ಫ್ರೆಂಚ್ ಮಾತಾಡುವವರೆಲ್ಲ ಅಲ್ಲೇ ಹುಟ್ಟಿದವರಲ್ಲ. ಹೈಟಿ, ಅಲ್ಜೀರಿಯಾ, ಮೊರಾಕ್ಕೊ, ಲೆಬನಾನ್, ಸೆನೆಗಲ್ ಕಡೆಯಿಂದ ಬಂದವರು ಬಹಳ. ಅವರಲ್ಲಿ ಎಷ್ಟೋ ಜನರಿಗೆ ಇಂಗ್ಲಿಷಿಗಿಂತ ಫ್ರೆಂಚೇ ಸಲೀಸು, ಹೊಸಬರ ಕಷ್ಟವೂ ಗೊತ್ತು. ಮೆಟ್ರೊದ ಅದೇ ನೀಲಿ ಮಾರ್ಗದ ಪೂರ್ವದ ತುದಿ ಸೇಂಟ್-ಮಿಶೆಲ್ ಕಡೆ ‘ಪುಟ್ಟ ಮಾಗ್ರೆಬ್’ ಎಂದು ಕರೆಯುವ ಬೀದಿ ಇದೆ (ಮಾಗ್ರೆಬ್ ಅಂದರೆ ಉತ್ತರ ಆಫ್ರಿಕಾದ ಮೊರಾಕ್ಕೊ, ಅಲ್ಜೀರಿಯಾ ಕಡೆ). ಅಲ್ಲಿ ಪುದೀನ ಚಹಾ ಹಿಡಿದು ಕೂತರೆ ಮಾತಿಗೆ ಜನ ಸಿಗುತ್ತಾರೆ. ಅದೇ ಮಾರ್ಗದ ನಡುವೆ ಜಾನ್-ತಾಲೋಂ ಮಾರ್ಕೆಟ್. ರೈತರು ಹಣ್ಣು ಹೆಚ್ಚಿ ರುಚಿ ನೋಡಲು ಇಟ್ಟಿರುತ್ತಾರೆ. ಸೂಪರ್ ಮಾರ್ಕೆಟ್ ಬಿಟ್ಟು ತರಕಾರಿಗೆ ಇಲ್ಲಿಗೆ ಬನ್ನಿ. ಬೆಲೆ, ತೂಕ, ಹಣ್ಣಾಗಿದೆಯಾ, ಎಲ್ಲಿಂದ ಬಂತು, ಎಲ್ಲ ಬಾಯಿಬಿಟ್ಟೇ ಕೇಳಬೇಕು.

ಬೆರಿ-ಯುಕಾಮ್ ಮೆಟ್ರೊ ನಿಲ್ದಾಣಕ್ಕೆ ತಾಗಿಕೊಂಡೇ ಗ್ರಾಂದ್ ಬಿಬ್ಲಿಯೊತೆಕ್ ಎಂಬ ದೊಡ್ಡ ಸಾರ್ವಜನಿಕ ಗ್ರಂಥಾಲಯ ಇದೆ, 2005ರಲ್ಲಿ ಶುರುವಾದದ್ದು. ಯಾರು ಬೇಕಾದರೂ ಒಳಗೆ ಹೋಗಿ ಓದಬಹುದು. ನಗರದ ಬಡಾವಣೆ ಗ್ರಂಥಾಲಯಗಳಲ್ಲಿ ಫ್ರೆಂಚ್ ಮಾತಾಡುವ ಗುಂಪುಗಳು ಉಚಿತವಾಗಿ ನಡೆಯುತ್ತವೆ. ಮಕ್ಕಳ ವಿಭಾಗಕ್ಕೆ ಹೋಗಲು ಸಂಕೋಚ ಬೇಡ. ಎ2, ಬಿ1 ಮಟ್ಟದವರಿಗೆ ಚಿತ್ರಕಥೆ ಪುಸ್ತಕಗಳು ಹೇಳಿ ಮಾಡಿಸಿದಂತಿರುತ್ತವೆ. ಸಿನಿಮಾಕ್ಕೆ ಹೋದರೆ ಟಿಕೆಟ್ ಮೇಲೆ ವಿ.ಎಫ್. ಎಂದು ಇದೆಯಾ ನೋಡಿ. ಅದು ಫ್ರೆಂಚಿಗೆ ಡಬ್ ಆದದ್ದು.

ವಾರಾಂತ್ಯಕ್ಕೆ ಕನ್ನಡದವರು ಸೇರೋಣ ಎಂದು ಕರೆಯುತ್ತಾರೆ. ಹೋಗಿ. ಮನೆಯ ನೆನಪು ಕಾಡುವಾಗ ಕನ್ನಡ ಮಾತಾಡದೆ ಇರಲಾಗುವುದಿಲ್ಲ, ಇರಲೂಬಾರದು. ಕನ್ನಡ ನಿಮ್ಮ ಫ್ರೆಂಚಿಗೆ ತೊಂದರೆ ಕೊಡುವುದಿಲ್ಲ. ಮಾರ್ಕೆಟ್ಟಿನವರು ಕನ್ನಡಕ್ಕೆ ತಿರುಗುವುದಿಲ್ಲವಲ್ಲ.

ಸಸ್ಯಾಹಾರಿಗಳಿಗೆ ಎರಡು ಮಾತು

‘ವೆಜೆತಾರ್ಯಾಂ’ ಎಂದರೆ ಸಾಲದು. ಮೊಟ್ಟೆ, ಮೀನು ತಿನ್ನುತ್ತೀರಾ ಇಲ್ಲವಾ ಎಂದು ನೀವು ಉಳಿಯುವ ಮನೆಯ ಕುಟುಂಬದವರಿಗೆ ಮೊದಲೇ ಬರೆದು ತಿಳಿಸಿ. ತರಕಾರಿ ಸೂಪಿಗೂ ಕೋಳಿಯ ರಸ ಹಾಕಿರುತ್ತಾರೆ. ಕ್ವಿಬೆಕ್‌ನ ಪ್ರಸಿದ್ಧ ಬಟಾಣಿ ಸೂಪಿನಲ್ಲಿ ಹಂದಿ ಮಾಂಸ ಇರುತ್ತದೆ. ಆಲೂಗಡ್ಡೆ, ಚೀಸ್ ಹಾಕಿದ ಪುತಿನ್ ನೋಡಲು ಸಸ್ಯಾಹಾರ, ಆದರೆ ಮೇಲೆ ಸುರಿಯುವ ಸಾಸ್ ಸಾಮಾನ್ಯವಾಗಿ ಮಾಂಸದ ರಸದ್ದು. ಮಾಂಸದ ರಸ ಹಾಕದ ಪುತಿನ್ ಕೊಡುವ ಹೋಟೆಲುಗಳಿವೆ, ಕೇಳಿ ತಿನ್ನಿ. ಇದನ್ನು ಕೇಳುವುದೂ ಒಂದು ಒಳ್ಳೆಯ ಪಾಠವೇ.

ಹಂತ 9: ಪರೀಕ್ಷೆ

ಯಾವ ಕಾರಣಕ್ಕೆ ಕಲಿಯುತ್ತಿದ್ದೀರೋ ಅದಕ್ಕೆ ತಕ್ಕ ಪರೀಕ್ಷೆ ಬರೆಯಿರಿ. ಫ್ರಾನ್ಸ್ ಸರ್ಕಾರದ ಫ್ರೆಂಚ್ ಪರೀಕ್ಷೆಯಾದ ಡೆಲ್ಫ್‌ನ ಪ್ರಮಾಣಪತ್ರಕ್ಕೆ ಅವಧಿ ಇಲ್ಲ, ಒಮ್ಮೆ ಪಾಸಾದರೆ ಜೀವನಪೂರ್ತಿ. ಓದಿಗೆ, ಕೆಲಸಕ್ಕೆ ತೋರಿಸಲು ಒಳ್ಳೆಯದು. ಆದರೆ ಎಕ್ಸ್‌ಪ್ರೆಸ್ ಎಂಟ್ರಿಗೆ ಡೆಲ್ಫ್ ನಡೆಯುವುದಿಲ್ಲ. ಅದಕ್ಕೆ ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಎಂಬ ಪರೀಕ್ಷೆ ಬೇಕು. ಅವುಗಳ ಫಲಿತಾಂಶಕ್ಕೆ ಎರಡು ವರ್ಷ ಮಾತ್ರ ಬೆಲೆ. ಫ್ರೆಂಚ್ ಬಲ್ಲವರ ಆಯ್ಕೆ ಸುತ್ತಿನಲ್ಲಿ ಸೇರಲು ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ನಾಲ್ಕರಲ್ಲೂ ಎನ್.ಸಿ.ಎಲ್.ಸಿ. ಎಂಬ ಕೆನಡಾದ ಫ್ರೆಂಚ್ ಅಳತೆಯಲ್ಲಿ 7ನೇ ಮಟ್ಟ ಬೇಕು. ಹೆಚ್ಚುಕಮ್ಮಿ ಬಿ2. ಎಕ್ಸ್‌ಪ್ರೆಸ್ ಎಂಟ್ರಿ ಇರುವುದು ಕ್ವಿಬೆಕ್ ಬಿಟ್ಟು ಉಳಿದ ಕೆನಡಾಕ್ಕೆ. ಕ್ವಿಬೆಕ್‌ನಲ್ಲೇ ನೆಲೆಸುವ ಆಸೆ ಇದ್ದರೆ ಆ ಪ್ರಾಂತ್ಯದ ಬೇರೆಯೇ ಆಯ್ಕೆ ಪದ್ಧತಿ ಇದೆ, ಅದರ ನಿಯಮ ಬೇರೆಯಾಗಿ ಓದಿ.

ಪರೀಕ್ಷೆಯ ದಿನವನ್ನು ಹೊರಡುವ ಮುಂಚೆಯೇ ಗುರುತು ಮಾಡಿಕೊಳ್ಳಿ. ವಾಪಸ್ ಬಂದ ಮೇಲೆ ಬೇಗ, ಒಂದೆರಡು ತಿಂಗಳೊಳಗೆ ಬರೆಯಿರಿ. ಮೊದಲು ಸಡಿಲವಾಗುವುದು ಮಾತು. ಆ ನಡುವಿನ ದಿನಗಳಲ್ಲಿ ತರಗತಿಯಲ್ಲಿ ಸಿಕ್ಕ ಆ ಕೊಲಂಬಿಯಾದ ಗೆಳತಿಗೋ ಬ್ರೆಜಿಲ್‌ನ ಗೆಳೆಯನಿಗೋ ವಾರಕ್ಕೆರಡು ಸಲ ವಿಡಿಯೊ ಕರೆ ಮಾಡಿ. ಬೆಂಗಳೂರಿನ ಸಂಜೆ ಏಳಕ್ಕೆ ಮಾಂಟ್ರಿಯಲ್‌ನಲ್ಲಿ ಬೇಸಿಗೆಯಾದರೆ ಬೆಳಿಗ್ಗೆ ಒಂಬತ್ತೂವರೆ, ಚಳಿಗಾಲವಾದರೆ ಎಂಟೂವರೆ. ಕೆಲಸ ಮುಗಿಸಿ ಬಂದು ಕೂತುಕೊಳ್ಳಲು ಸರಿಯಾದ ಹೊತ್ತು.